ಮೋಟಾರಿಗೆ ತಕ್ಕ ವೈರು, ಸ್ಪೀಕರಿಗೆ ತಕ್ಕ ಆಂಪ್ಲಿಫೈಯರ್

ಹೋಮ್ ಥಿಯೇಟರ್ ತರುವ ಮುನ್ನ ಗಡಿನಾಡಿನ ಮನೆಯವರು ತಿಳಿದಿರಬೇಕಾದ ನಾಲ್ಕು ಲೆಕ್ಕ

ಟೊಮೇಟೊಗೆ ಒಂದು ಬೆಳೆ ಒಳ್ಳೆ ರೇಟು ಸಿಕ್ಕಿದರೆ, ಇಲ್ಲವೇ ಮಾವಿನ ತೋಪಿನ ಗುತ್ತಿಗೆ ಹಣ ಕೈಗೆ ಬಂದರೆ ಮನೆಗೆ ಮೊದಲು ಬರುವ ಸಾಮಾನು ಯಾವುದು? ಹಿಂದೆ ರೇಡಿಯೋ ಬರುತ್ತಿತ್ತು. ಆಮೇಲೆ ಟೇಪ್ ರೆಕಾರ್ಡರ್ ಬಂತು. ಈಗ ಹೊಸೂರು, ಡೆಂಕಣಿಕೋಟೆ, ತಳಿ, ಶೂಲಗಿರಿ, ರಾಯಕೋಟೆ, ಪಾಲಕ್ಕೋಡು ಕಡೆ ಹೊಸ ಮನೆ ಕಟ್ಟಿದವರ ಹಾಲಿಗೆ ಹೋದರೆ ಗೋಡೆ ತುಂಬ ಟೀವಿ ಇರುತ್ತೆ. ಅದರ ಹಿಂದೆಯೇ ‘ಹೋಮ್ ಥಿಯೇಟರ್’ ಎಂಬ ಐದಾರು ಡಬ್ಬಿಗಳೂ ಬಂದು ಕೂತಿರುತ್ತವೆ.

ತಪ್ಪೇನಿಲ್ಲ. ಟೀವಿ ತೆಳ್ಳಗಾದಷ್ಟೂ ಅದರ ದನಿ ಸೊರಗಿದೆ. ಹಳೇ ಡಬ್ಬಿ ಟೀವಿಯಲ್ಲಿ ಸ್ಪೀಕರ್ ಕೂರಿಸಲು ಜಾಗವಿತ್ತು, ಮುಖ ನೋಡುವವನ ಕಡೆಗೇ ಇರುತ್ತಿತ್ತು. ಈಗಿನ ಹಲಗೆಯಂಥ ಟೀವಿಯಲ್ಲಿ ಪುಟ್ಟ ಸ್ಪೀಕರುಗಳು ಕೆಳಕ್ಕೋ ಹಿಂದಕ್ಕೋ ಮುಖಮಾಡಿರುತ್ತವೆ. ಹಾಗಾಗಿ ಬೇರೆ ಸ್ಪೀಕರ್ ಬೇಕು ಅನ್ನೋದು ಶೋಕಿಯ ಮಾತಲ್ಲ. ಆದರೆ ಸಾವಿರಾರು ರೂಪಾಯಿ ಸುರಿದ ಮೇಲೂ ಮನೆಮನೆಯಲ್ಲಿ ಕೇಳಿಬರುವ ದೂರು ಒಂದೇ: ‘ಡಿಶುಂ ಡಿಶುಂ ಅನ್ನೋದು ಕಿವಿ ಕಿತ್ತು ಹೋಗೋ ಹಂಗೆ ಕೇಳುತ್ತೆ, ಮಾತು ಮಾತ್ರ ತಿಳಿಯಲ್ಲ.’ ಅಜ್ಜಿ ಸೌಂಡು ಜಾಸ್ತಿ ಮಾಡು ಅಂತಾಳೆ, ಸೊಸೆ ಕಮ್ಮಿ ಮಾಡು ಅಂತಾಳೆ. ಈ ಜಗಳದ ಮೂಲ ಮೂರು ಕಡೆ ಇದೆ: ಆಂಪ್ಲಿಫೈಯರ್ ಆರಿಸುವಲ್ಲಿ, ವೈರು ಎಳೆಯುವಲ್ಲಿ, ಪೆಟ್ಟಿಗೆಗಳನ್ನು ಇಡುವಲ್ಲಿ.

ಸದ್ದಿನ ವಿಷಯದಲ್ಲಿ ನಮ್ಮ ಸೀಮೆ ಹಿಂದುಳಿದದ್ದಲ್ಲ. ಹಳೇ ಸೇಲಂ ಜಿಲ್ಲೆಯೊಳಗೇ ಇದ್ದ ಧರ್ಮಪುರಿ 1965ರಲ್ಲಿ ಬೇರೆ ಜಿಲ್ಲೆಯಾಯಿತು, ಅದರಿಂದ 2004ರಲ್ಲಿ ಕೃಷ್ಣಗಿರಿ ಹೊರಬಂತು. ಆ ಸೇಲಂ ಪೇಟೆಯಲ್ಲೇ 1935ರಲ್ಲಿ ಟಿ.ಆರ್. ಸುಂದರಂ ಅವರು ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋ ಕಟ್ಟಿದರು. ಮಲಯಾಳದ ಮೊದಲ ಮಾತಿನ ಚಿತ್ರ ‘ಬಾಲನ್’ 1938ರಲ್ಲಿ ಅಲ್ಲಿಂದಲೇ ಹೊರಟಿತು. ಊರೂರಿಗೆ ಟೆಂಟ್ ಸಿನಿಮಾ ಬಂತು. ದ್ರೌಪದಮ್ಮನ ಉತ್ಸವಗಳಲ್ಲಿ ಹದಿನೆಂಟು ದಿನದ ಭಾರತ ಕಥೆ, ರಾತ್ರಿಯಿಡೀ ತೆರುಕೂತ್ತು ಮೈಕಿನಲ್ಲಿ ಮೊಳಗಿದವು. ಹೊಲದ ಬದುವಿನಲ್ಲಿ ಕೂತು ಬೆಂಗಳೂರು ಆಕಾಶವಾಣಿ ಕೇಳಿದ ಕಿವಿಗಳು ನಮ್ಮವು. ಒಳ್ಳೆ ದನಿ ಯಾವುದು ಎಂದು ಕಿವಿಗೆ ಗೊತ್ತು. ಗೊತ್ತಿಲ್ಲದ್ದು ಡಬ್ಬಿಯ ಮೇಲಿನ ಲೆಕ್ಕ.

ಆ ಲೆಕ್ಕವೂ ರೈತನಿಗೆ ಹೊಸದಲ್ಲ. ಆಂಪ್ಲಿಫೈಯರ್ ಅಂದರೆ ಬೋರ್‌ವೆಲ್ಲಿನ ಮೋಟಾರು. ವೈರು ಅಂದರೆ ಪೈಪು. ಸ್ಪೀಕರ್ ಅಂದರೆ ಕೊನೆಯಲ್ಲಿ ನೀರು ಚಿಮ್ಮುವ ಸ್ಪ್ರಿಂಕ್ಲರ್. ಮೂರೂ ಒಂದಕ್ಕೊಂದು ಹೊಂದಿದರೆ ಮಾತ್ರ ಹೊಲ ನೆನೆಯುತ್ತೆ. ಹೊಂದದಿದ್ದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನೋ ಗಾದೆಯ ಪಾಡು.

ವ್ಯಾಟಿನ ಮಾಯೆ

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘5000 ವ್ಯಾಟ್ಸ್’. ಅದರ ಪಕ್ಕ ಸಣ್ಣ ಅಕ್ಷರದಲ್ಲಿ ‘ಪಿ.ಎಂ.ಪಿ.ಒ.’ ಎಂದಿದ್ದರೆ ಆ ಸಂಖ್ಯೆಯನ್ನು ಮರೆತುಬಿಡಿ. ಕಣ್ಣುರೆಪ್ಪೆ ಮಿಟುಕಿಸುವುದರೊಳಗೆ ಹುಟ್ಟಿ ಸಾಯುವ ಶಕ್ತಿಯನ್ನು ಕಂಪನಿಗಳು ತಮತಮಗೆ ತೋಚಿದಂತೆ ಎಣಿಸಿ ಬರೆಯುವ ಲೆಕ್ಕ ಅದು. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ನೋಡಬೇಕಾದ್ದು ‘ಆರ್.ಎಂ.ಎಸ್.’ ವ್ಯಾಟ್. ನಿಲ್ಲದೆ ಎಷ್ಟು ಕೊಡಬಲ್ಲದು ಎಂಬುದನ್ನು ಹೇಳುವುದು ಅದೇ. ಎತ್ತು ಒಂದು ಸಲ ಜಗ್ಗಿ ಎಳೆದದ್ದಕ್ಕೂ ದಿನವಿಡೀ ಉತ್ತದ್ದಕ್ಕೂ ಇರುವ ವ್ಯತ್ಯಾಸ ಇದು.

ಅದನ್ನು ಪರೀಕ್ಷೆ ಮಾಡಲು ಒಂದು ಸುಲಭ ದಾರಿ ಇದೆ. ಸೆಟ್ಟಿನ ಹಿಂಭಾಗವನ್ನೋ ಅದರ ಅಡಾಪ್ಟರನ್ನೋ ತಿರುಗಿಸಿ ನೋಡಿ. ಅಡಾಪ್ಟರಿನ ಮೇಲೆ 12 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ: 60 ವ್ಯಾಟ್. ಒಳಗೆ ಹೋಗುವುದೇ 60 ವ್ಯಾಟ್ ಆದಮೇಲೆ ಹೊರಗೆ ಬರುವುದು ಅದಕ್ಕಿಂತ ಹೆಚ್ಚಾಗಲು ಸಾಧ್ಯವೇ? ಒಂದು ಕೊಳಗ ರಾಗಿ ಬೀಸಿ ಎರಡು ಕೊಳಗ ಹಿಟ್ಟು ತೆಗೆದ ಹಾಗಾಯಿತು. ‘ಕ್ಲಾಸ್ ಡಿ’ ಎಂಬ ಹೊಸ ಬಗೆಯ ಆಂಪ್ಲಿಫೈಯರುಗಳು ಒಳಬಂದ ಶಕ್ತಿಯಲ್ಲಿ ನೂರಕ್ಕೆ 85–90 ಭಾಗ ಸ್ಪೀಕರಿಗೆ ಕೊಡುತ್ತವೆ. ಹಳೇ ಬಗೆಯ ‘ಕ್ಲಾಸ್ ಎಬಿ’ಯವು ಹೆಚ್ಚೆಂದರೆ 60ರ ಆಸುಪಾಸು ಕೊಟ್ಟು ಉಳಿದದ್ದನ್ನು ಶಾಖವಾಗಿ ಬಿಡುತ್ತವೆ. ಹಾಗಾಗಿಯೇ ಅವುಗಳ ಮೇಲೆ ಬಟ್ಟೆ ಹೊದಿಸಬಾರದು, ಷೋಕೇಸಿನೊಳಗೆ ಗಾಜು ಮುಚ್ಚಿ ಇಡಬಾರದು.

ಆರ್.ಎಂ.ಎಸ್. ಬರೆದಲ್ಲೂ ಇನ್ನೊಂದು ಚಮತ್ಕಾರ ಇರುತ್ತೆ. ‘ಟಿ.ಎಚ್.ಡಿ. 10%’ ಅಂತಿದ್ದರೆ ದನಿ ಒಡೆದು ಗೊರಗೊರ ಅನ್ನುವವರೆಗೂ ಏರಿಸಿ ಅಳೆದ ವ್ಯಾಟು ಅದು. 1% ಅಥವಾ ಅದಕ್ಕಿಂತ ಕಡಿಮೆಯಲ್ಲಿ ಅಳೆದ ಸಂಖ್ಯೆಯೇ ನಂಬಿಕೆಗೆ ಅರ್ಹ. ಐದು ಸ್ಪೀಕರ್ ಓಡಿಸುವ ಸೆಟ್ಟಾದರೆ, ಆ ಸಂಖ್ಯೆ ಒಂದೇ ಸ್ಪೀಕರ್ ಓಡುವಾಗಿನದೋ ಐದೂ ಒಟ್ಟಿಗೆ ಓಡುವಾಗಿನದೋ ಎಂದು ಕೇಳಿ. ಮೂರು ಫೇಸಿನ ಮೋಟಾರು ಕೊಳ್ಳುವಾಗ ಎಷ್ಟು ಕೇಳುತ್ತೀರೋ ಅಷ್ಟೇ ಇಲ್ಲೂ ಕೇಳಿ. ಸಂಕೋಚ ಬೇಡ.

ಎಷ್ಟು ವ್ಯಾಟು ಸಾಕು?

ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ‘ಸೆನ್ಸಿಟಿವಿಟಿ’ ಅಂತ ಒಂದು ಸಾಲು ಇರುತ್ತೆ. ಉದಾಹರಣೆಗೆ 88 ಡೆಸಿಬಲ್. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಅಷ್ಟು ಸದ್ದು ಬರುತ್ತೆ ಅಂತ ಅರ್ಥ. ಎದುರು ಕೂತು ಮಾಮೂಲಿಯಾಗಿ ಮಾತಾಡುವ ಮನುಷ್ಯನ ದನಿ ಸುಮಾರು 60 ಡೆಸಿಬಲ್. ಹತ್ತಡಿ ಆಚೆ ಕೂತರೂ ಆ 88ರಲ್ಲಿ ಹತ್ತರಷ್ಟು ಕಳೆದು 78 ಉಳಿಯುತ್ತೆ. ಅಂದರೆ ಒಂದೇ ಒಂದು ವ್ಯಾಟಿನಲ್ಲಿ ಟೀವಿಯ ಮಾತು ಹಾಲಿನಲ್ಲೆಲ್ಲ ಜೋರಾಗಿ ಕೇಳುತ್ತೆ! ಉಳಿದ ವ್ಯಾಟುಗಳೆಲ್ಲ ಸಿನಿಮಾದ ಗುಡುಗು, ಡೋಲು, ಹೊಡೆದಾಟಕ್ಕೆ ಇರಬೇಕಾದ ಮೀಸಲು.

ಇನ್ನೊಂದು ಗುಟ್ಟು. ವ್ಯಾಟು ಎರಡು ಪಟ್ಟು ಮಾಡಿದರೆ ಸದ್ದು ಎರಡು ಪಟ್ಟು ಆಗುವುದಿಲ್ಲ, 3 ಡೆಸಿಬಲ್ ಮಾತ್ರ ಏರುತ್ತೆ. ಕಿವಿಗೆ ‘ಸ್ವಲ್ಪ ಜಾಸ್ತಿ ಆಯ್ತು’ ಅನ್ನಿಸುವಷ್ಟೇ. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟು ಬೇಕು. ಆದ್ದರಿಂದ 50 ವ್ಯಾಟಿನದು ಬಿಟ್ಟು 100 ವ್ಯಾಟಿನದಕ್ಕೆ ದುಪ್ಪಟ್ಟು ದುಡ್ಡು ಕೊಡುವ ಮೊದಲು ಯೋಚಿಸಿ. ಅದೇ ಹಣದಲ್ಲಿ 85 ಡೆಸಿಬಲ್ಲಿನ ಸ್ಪೀಕರ್ ಬದಲು 90 ಡೆಸಿಬಲ್ಲಿನದು ತಂದರೆ, ಆಂಪ್ಲಿಫೈಯರ್ ಬದಲಿಸದೆಯೇ ಮೂರು ಪಟ್ಟು ವ್ಯಾಟು ಹಾಕಿದಷ್ಟು ಫಲ. ನಮ್ಮ ಕಡೆಯ 10 ಅಡಿಗೆ 12, 12ಕ್ಕೆ 15 ಅಡಿಯ ಹಾಲಿಗೆ, ಒಂದೊಂದು ಸ್ಪೀಕರಿಗೆ 30ರಿಂದ 50 ಪ್ರಾಮಾಣಿಕ ವ್ಯಾಟು ಧಾರಾಳವಾಗಿ ಸಾಕು.

ಹಾಗಂತ ತೀರ ಸಣ್ಣ ಆಂಪ್ಲಿಫೈಯರನ್ನು ಕೊನೆತನಕ ತಿರುಗಿಸಿ ಓಡಿಸುವುದೂ ಅಪಾಯವೇ. ಶಕ್ತಿ ಸಾಲದೆ ಒಡೆದ ದನಿ ಸ್ಪೀಕರಿನೊಳಗಿನ ಚಿಕ್ಕ ‘ಟ್ವೀಟರ್’ ಅನ್ನು ಸುಟ್ಟುಬಿಡುತ್ತೆ. ದೊಡ್ಡ ಆಂಪ್ಲಿಫೈಯರಿನಿಂದ ಹಾಳಾದ ಟ್ವೀಟರುಗಳ ಜೊತೆಗೆ, ಸಣ್ಣದನ್ನು ಮಿತಿಮೀರಿ ದುಡಿಸಿ ಹಾಳಾದವೂ ರಿಪೇರಿ ಅಂಗಡಿಗೆ ಬರುತ್ತವೆ.

ಓಮಿನ ಲೆಕ್ಕ ತಪ್ಪಿದರೆ

ಸ್ಪೀಕರಿನ ಬೆನ್ನಿನ ಮೇಲೆ 4, 6 ಅಥವಾ 8 ಓಮ್ ಎಂದು ಬರೆದಿರುತ್ತೆ. ಓಮ್ ಕಡಿಮೆಯಾದಷ್ಟೂ ಅದು ಆಂಪ್ಲಿಫೈಯರಿನಿಂದ ಹೆಚ್ಚು ಕರೆಂಟು ಎಳೆಯುತ್ತೆ. ಆಂಪ್ಲಿಫೈಯರಿನ ಹಿಂದೆ ‘ಕನಿಷ್ಠ 8 ಓಮ್’ ಎಂದಿದ್ದರೆ 4 ಓಮಿನ ಸ್ಪೀಕರ್ ತಗುಲಿಸಬಾರದು. ಬಿಸಿಯಾಗಿ ನಿಲ್ಲುತ್ತೆ, ಇಲ್ಲವೇ ಒಳಗಿನ ಐ.ಸಿ. ಹೋಗುತ್ತೆ.

ಬಹಳ ಮನೆಗಳಲ್ಲಿ ಆಗುವುದು ಹೀಗೆ: ಸೆಟ್ಟು ಸರಿಯಾಗೇ ಇರುತ್ತೆ. ಜಗುಲಿಯಲ್ಲಿ ಕೂತವರಿಗೂ ಕೇಳಲಿ ಎಂದು ಅದೇ ತಂತಿಗೆ ಇನ್ನೊಂದು ಸ್ಪೀಕರ್ ಕೂಡಿಸುತ್ತಾರೆ. 8 ಓಮಿನ ಎರಡು ಸ್ಪೀಕರ್ ಒಂದೇ ಜಾಗಕ್ಕೆ ಜೊತೆಯಾಗಿ ಕೂಡಿಸಿದರೆ 4 ಓಮ್ ಆಯಿತು, 4 ಓಮಿನವಾದರೆ 2. ಒಂದೇ ಎತ್ತಿಗೆ ಎರಡು ಗಾಡಿ ಕಟ್ಟಿದ ಹಾಗೆ. ಎರಡನ್ನೂ ಸಾಲಾಗಿ, ಒಂದರ ಬಾಲಕ್ಕೆ ಇನ್ನೊಂದರಂತೆ ಕೂಡಿಸಿದರೆ ಓಮ್ ಏರುತ್ತೆ, ಸೆಟ್ಟು ಉಳಿಯುತ್ತೆ, ಆದರೆ ಸದ್ದು ಇಳಿಯುತ್ತೆ.

ಹಳೇ ಸ್ಪೀಕರಿನಲ್ಲಿ ಅಕ್ಷರ ಅಳಿಸಿಹೋಗಿದ್ದರೆ ಮಲ್ಟಿಮೀಟರ್ ಹಿಡಿದು ನೋಡಿ. 8 ಓಮಿನದು ಮೀಟರಿನಲ್ಲಿ 6–7 ತೋರಿಸುತ್ತೆ, 4 ಓಮಿನದು 3–3.5ರ ಸುಮಾರು.

ದೇವಸ್ಥಾನದ ಕಮಿಟಿಯವರು ಮಾರಿದ ಹಳೇ ಮೈಕ್ ಸೆಟ್ಟಿನ ಸಾಮಾನು ತಂದು ಮನೆಯ ಸೆಟ್ಟಿಗೆ ಕೂಡಿಸುವವರೂ ಇದ್ದಾರೆ. ಆ ಹಾರನ್ನುಗಳಲ್ಲಿ ಬಹಳಷ್ಟು ‘100 ವೋಲ್ಟ್ ಲೈನಿ’ನವು, ಬೆನ್ನಲ್ಲಿ ಒಂದೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಹೊತ್ತವು. ಫರ್ಲಾಂಗುಗಟ್ಟಲೆ ತಂತಿ ಎಳೆದರೂ ಸದ್ದು ಸೋರದಿರಲಿ ಎಂದು ವೋಲ್ಟೇಜ್ ಏರಿಸಿ ಕಳಿಸುವ ಉಪಾಯ. ವಿದ್ಯುತ್ ಮಂಡಳಿಯವರು 11,000 ವೋಲ್ಟಿನಲ್ಲಿ ಊರ ಹೊರಗಿನ ಟ್ರಾನ್ಸ್‌ಫಾರ್ಮರಿಗೆ ತಂದು ಅಲ್ಲಿ ಇಳಿಸಿ ಮನೆಗೆ ಕೊಡುವ ರೀತಿಯೇ ಇದು. ಮನೆಯ ಆಂಪ್ಲಿಫೈಯರಿಗೂ ಇದಕ್ಕೂ ಸಂಬಂಧ ಕೂಡುವುದಿಲ್ಲ.

ಬೋರ್‌ವೆಲ್ ಕಲಿಸಿದ ವೈರಿನ ಪಾಠ

ಎಂಟುನೂರು ಅಡಿ ಆಳಕ್ಕೆ ಏಳೂವರೆ ಎಚ್.ಪಿ. ಮೋಟಾರು ಇಳಿಸುವಾಗ ನಮ್ಮ ರೈತ ವೈರಿನ ವಿಷಯದಲ್ಲಿ ರಾಜಿಯಾಗುವುದಿಲ್ಲ. ಆಳ ಹೆಚ್ಚಿದಂತೆ ದಪ್ಪ ಹೆಚ್ಚಬೇಕು ಎಂದು ಅವನಿಗೆ ಗೊತ್ತು. ತೆಳು ವೈರು ಹಾಕಿದರೆ ವೋಲ್ಟೇಜು ದಾರಿಯಲ್ಲೇ ಕರಗಿ ಮೋಟಾರು ಸುಡುತ್ತೆ. ಅದೇ ರೈತ ಮನೆಗೆ ಬಂದು, ಹತ್ತು ಮೀಟರ್ ಆಚೆಯ ಸ್ಪೀಕರಿಗೆ ಸೆಟ್ಟಿನ ಜೊತೆ ಬಂದ ನೂಲಿನಂಥ ವೈರನ್ನೇ ಗಂಟುಹಾಕಿ ಎಳೆಯುತ್ತಾನೆ. ಅಲ್ಲಿನ ಲೆಕ್ಕವೇ ಇಲ್ಲಿಯೂ.

ತಾಮ್ರದ ಎಳೆ ವೈರಿಗೆ ಗೊತ್ತುಪಡಿಸಿದ ತಡೆ ಇದೆ. ಸಾವಿರ ಮೀಟರಿಗೆ 0.5 ಚದರ ಮಿ.ಮೀ. ವೈರು 39 ಓಮ್, 0.75ರದು 26, 1.5ರದು 13.3, 2.5ರದು ಸುಮಾರು 8 ಓಮ್. ಸ್ಪೀಕರು 10 ಮೀಟರ್ ದೂರ ಇದ್ದರೆ ಕರೆಂಟು ಹೋಗಿ ಬರುವ ದಾರಿ 20 ಮೀಟರ್. ಆಗ 0.5ರ ವೈರಿನ ತಡೆ 0.78 ಓಮ್. 4 ಓಮಿನ ಸ್ಪೀಕರಿಗೆ ಇದು ಐದರಲ್ಲಿ ಒಂದು ಪಾಲು! ಮೋಟಾರಿನಿಂದ ಹೊರಟ ನೀರು ಪೈಪಿನಲ್ಲೇ ಸೋರಿದ ಹಾಗೆ. 1.5ರ ವೈರು ಹಾಕಿದರೆ 0.27 ಓಮ್, 2.5ರದಾದರೆ 0.16.

ತಿಳಿದವರು ಹೇಳುವ ಮಿತಿ: ವೈರಿನ ಒಟ್ಟು ತಡೆ ಸ್ಪೀಕರಿನ ಓಮಿನ ನೂರಕ್ಕೆ ಐದು ಭಾಗ ಮೀರಬಾರದು. ಈ ಲೆಕ್ಕದಂತೆ 8 ಓಮಿನ ಸ್ಪೀಕರಿಗೆ 0.5ರ ವೈರು 5 ಮೀಟರ್ ತನಕ, 0.75ರದು ಏಳೂವರೆ ಮೀಟರ್ ತನಕ, 1.5ರದು 15 ಮೀಟರ್ ತನಕ, 2.5ರದು 25 ಮೀಟರ್ ತನಕ ನಡೆಯುತ್ತೆ. 4 ಓಮಿನ ಸ್ಪೀಕರಾದರೆ ಈ ದೂರಗಳನ್ನೆಲ್ಲ ಅರ್ಧ ಮಾಡಿಕೊಳ್ಳಿ. ಅಷ್ಟೇ. ಮನೆಯೊಳಗಿನ ಯಾವ ಸ್ಪೀಕರಿಗೂ 1.5 ಅಥವಾ 2.5 ಚದರ ಮಿ.ಮೀ. ತಾಮ್ರದ ವೈರು ಸಾಲದೇ ಹೋಗುವುದಿಲ್ಲ.

ಹಾಗಾದರೆ ಬೆಂಗಳೂರಿನ ಗಾಜಿನ ಅಂಗಡಿಗಳಲ್ಲಿ ಮೀಟರಿಗೆ ಸಾವಿರಾರು ರೂಪಾಯಿಯ ‘ಆಮ್ಲಜನಕ ಇಲ್ಲದ ತಾಮ್ರ’ದ ವೈರು ಮಾರುತ್ತಾರಲ್ಲ? ಮೂಗಿಗಿಂತ ಮೂಗುತಿ ಭಾರ ಅನ್ನೋದು ಅದಕ್ಕೇ. ದಪ್ಪ, ಉದ್ದ, ತಾಮ್ರ ಇವು ಒಂದೇ ಆಗಿದ್ದರೆ ಕಿವಿ ಗುರುತಿಸುವ ವ್ಯತ್ಯಾಸ ಇರುವುದಿಲ್ಲ. ಚಿನ್ನದ ಲೇಪನದ ತುದಿ ಕಿಲುಬು ಹಿಡಿಯುವುದಿಲ್ಲ, ಅದೊಂದೇ ಅದರ ಗುಣ. ಐ.ಎಸ್. 694 ಮುದ್ರೆ ಇರುವ, ಮನೆ ವೈರಿಂಗಿನ ಎಳೆ ತಾಮ್ರದ ಜೋಡಿ ವೈರೇ ಸ್ಪೀಕರಿಗೂ ಚೆನ್ನಾಗಿ ನಡೆಯುತ್ತೆ.

ಒಂದು ಎಚ್ಚರಿಕೆ. ಹಾಗೆ ಮನೆ ವೈರು ಬಳಸಿದರೆ ಬಣ್ಣ ಬೇರೆಯದಿರಲಿ. ಅದರ ತುದಿಗೆ ಗೋಡೆಯ ಪ್ಲಗ್ಗಿಗೆ ಹೊಂದುವ ಪಿನ್ನನ್ನು ಯಾವ ಕಾರಣಕ್ಕೂ ಹಾಕಬೇಡಿ. ಮಕ್ಕಳು ಗೋಡೆಯ ಪ್ಲಗ್ಗಿಗೆ ತುರುಕಿದರೆ ಸೆಟ್ಟು ಹೋಗುವುದು ಆಮೇಲಿನ ಮಾತು, ಜೀವಕ್ಕೇ ಅಪಾಯ. ಕರೆಂಟಿನ ವೈರು ಓಡುವ ಪೈಪಿನೊಳಗೆ ಸ್ಪೀಕರಿನ ವೈರು ಸೇರಿಸಬಾರದು. ಬೇರೆ ಪಿ.ವಿ.ಸಿ. ಪೈಪು ಹಾಕಿದರೆ ಇಲಿಗಳಿಂದಲೂ ಕಾಪಾಡಿದ ಹಾಗಾಯಿತು.

ತಾಮ್ರದ ವೇಷದ ಅಲ್ಯೂಮಿನಿಯಂ

ಪೇಟೆಯಲ್ಲಿ ಈಗ ಅಗ್ಗದ ಸ್ಪೀಕರ್ ವೈರು ಅಂತ ಬರುವುದರಲ್ಲಿ ಬಹಳಷ್ಟು ‘ಸಿ.ಸಿ.ಎ.’, ಅಂದರೆ ಅಲ್ಯೂಮಿನಿಯಂ ತಂತಿಯ ಮೇಲೆ ತಾಮ್ರದ ತೆಳು ಪೊರೆ. ನೋಡಲು ಕೆಂಪಗೆ, ದಪ್ಪಗೆ ಇರುತ್ತೆ. ಆದರೆ ತಡೆ ತಾಮ್ರದ ಒಂದೂವರೆ ಪಟ್ಟು, ಬಗ್ಗಿಸಿ ನೇರ ಮಾಡಿದರೆ ಬೇಗ ಮುರಿಯುತ್ತೆ. ಕಂಡುಹಿಡಿಯುವುದು ಸುಲಭ. ಚಾಕುವಿನಿಂದ ಒಂದು ಎಳೆಯನ್ನು ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ಅದು ವೇಷ. ಕೈಯಲ್ಲಿ ತೂಗಿ ನೋಡಿ, ಅಷ್ಟೇ ಗಾತ್ರದ ತಾಮ್ರದ ಅರ್ಧಕ್ಕಿಂತ ಕಮ್ಮಿ ತೂಗುತ್ತೆ. ತಂತಿಗೆ ತವರ ಲೇಪಿಸಿದ್ದರೆ ತಾಮ್ರವೂ ಮೇಲೆ ಬೆಳ್ಳಗಿರಬಹುದು, ಆದರೆ ಕೆರೆದರೆ ಒಳಗೆ ಕೆಂಪು ಕಾಣುತ್ತೆ. ಹತ್ತಿರದ ಸ್ಪೀಕರಿಗೆ ಸಿ.ಸಿ.ಎ. ಹಾಕಿದರೂ ನಡೆದೀತು, ಆದರೆ ತಾಮ್ರದ ಬೆಲೆ ಕೊಡಬೇಡಿ. ವ್ಯಾಪಾರಿ ಮಿತ್ರರು ಮಾರುವಾಗಲೂ ಇದನ್ನು ಹೇಳಿ ಮಾರಿದರೆ ಗಿರಾಕಿ ಉಳಿಯುತ್ತಾನೆ.

ವೈರು ಕೂಡಿಸುವಾಗ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸರಿಯಾಗಿರಲಿ. ಒಂದು ಸ್ಪೀಕರಿನಲ್ಲಿ ಮಾತ್ರ ತಲೆಕೆಳಗಾದರೆ ಒಂದು ಪರದೆ ಮುಂದಕ್ಕೆ ಬರುವಾಗ ಇನ್ನೊಂದು ಹಿಂದಕ್ಕೆ ಹೋಗುತ್ತೆ. ಆಗ ತಗ್ಗಿನ ಸದ್ದು ಕರಗಿ, ಮಾತು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ತಬ್ಬಿಬ್ಬಾಗುತ್ತೆ. ದುಡ್ಡಿಲ್ಲದೆ ಆಗುವ ರಿಪೇರಿ ಇದು, ಮೊದಲು ಇದನ್ನೇ ನೋಡಿ.

ಟೀವಿಯಿಂದ ಆಂಪ್ಲಿಫೈಯರಿಗೆ

ಟೀವಿಯ ಹಿಂದೆ ‘ಎಚ್‌.ಡಿ.ಎಂ.ಐ.’ ತೂತುಗಳಲ್ಲಿ ಒಂದರ ಪಕ್ಕ ‘ಎ.ಆರ್.ಸಿ.’ ಎಂದು ಬರೆದಿರುತ್ತೆ. ಆಂಪ್ಲಿಫೈಯರಿನಲ್ಲೂ ಹಾಗೇ ಇದ್ದರೆ ಆ ಒಂದು ಕೇಬಲ್ಲು ಸಾಕು. ಇಲ್ಲದಿದ್ದರೆ ‘ಆಪ್ಟಿಕಲ್’ ಎಂಬ ಬೆಳಕಿನ ಕೇಬಲ್ಲು. ಅದೂ ಇಲ್ಲದ ಹಳೇ ಟೀವಿಗೆ ಕೆಂಪು-ಬಿಳಿ ಪಿನ್ನಿನ ಜೋಡಿ. ಇಲ್ಲಿಯೂ ಬೆಲೆ ನೋಡಿ ಮರುಳಾಗಬೇಡಿ. ಎಚ್‌.ಡಿ.ಎಂ.ಐ. ಮತ್ತು ಆಪ್ಟಿಕಲ್ಲಿನಲ್ಲಿ ಓಡುವುದು ಅಂಕಿಗಳು. ತಲುಪಿದರೆ ಪೂರ್ತಿ ತಲುಪುತ್ತವೆ, ಇಲ್ಲದಿದ್ದರೆ ಸದ್ದು ಕಡಿದು ಕಡಿದು ಬರುತ್ತೆ. ದುಬಾರಿ ಕೇಬಲ್ಲಿನಿಂದ ದನಿ ಇಂಪಾಗುವುದಿಲ್ಲ.

ಎಲ್ಲ ಕೂಡಿಸಿದ ಮೇಲೂ ಸದ್ದೇ ಬರದಿದ್ದರೆ ಅಂಗಡಿಗೆ ಓಡಬೇಡಿ. ಟೀವಿಯ ಸೆಟ್ಟಿಂಗಿನಲ್ಲಿ ಆಡಿಯೋ ಔಟ್‌ಪುಟ್ ‘ಪಿ.ಸಿ.ಎಂ.’ಗೆ ಬದಲಿಸಿ ನೋಡಿ. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಚಿತ್ರಮಂದಿರಕ್ಕೆ ಬಂದ ಡಾಲ್ಬಿ ಡಿಜಿಟಲ್ ಈಗ ಮನೆಯ ಟೀವಿಗೂ ಬಂದಿದೆ. ಆದರೆ ಅಗ್ಗದ ಆಂಪ್ಲಿಫೈಯರುಗಳಿಗೆ ಅದನ್ನು ಬಿಡಿಸುವ ವಿದ್ಯೆ ಇರುವುದಿಲ್ಲ. ‘ಡಾಲ್ಬಿ ಡಿಜಿಟಲ್ ಡಿಕೋಡರ್ ಇದೆಯಾ?’ ಎಂಬ ಒಂದು ಪ್ರಶ್ನೆ ಕೇಳದೆ 5.1 ಸೆಟ್ಟು ತಂದರೆ ಐದು ಡಬ್ಬಿಯಲ್ಲೂ ಎರಡು ಡಬ್ಬಿಯ ದನಿಯೇ ಬರುತ್ತೆ. ಬ್ಲೂಟೂತಿನಲ್ಲಿ ಹಾಡು ಕೇಳಲು ಅಡ್ಡಿಯಿಲ್ಲ, ಸಿನಿಮಾಕ್ಕೆ ಮಾತ್ರ ದನಿ ತಡವಾಗಿ ಬಂದು ತುಟಿಗೂ ಮಾತಿಗೂ ತಾಳ ತಪ್ಪುವುದುಂಟು.

‘ಗುಂಯ್’ ಎನ್ನುವ ಸದ್ದು

ಕೆಲವರ ಸೆಟ್ಟು ಸುಮ್ಮನಿದ್ದಾಗಲೂ ದುಂಬಿಯ ಹಾಗೆ ಗುಂಯ್‌ಗುಡುತ್ತೆ. ಟೀವಿ, ಆಂಪ್ಲಿಫೈಯರು, ಡಿಷ್ಷಿನ ಕೇಬಲ್ಲು ಬೇರೆ ಬೇರೆ ದಾರಿಯಲ್ಲಿ ಅರ್ತ್ ಆಗಿ ಒಂದು ಸುತ್ತು ಏರ್ಪಟ್ಟಾಗ ಹೀಗಾಗುತ್ತೆ. ಡಿಷ್ಷಿನ ಕೇಬಲ್ಲು ಕಿತ್ತು ನೋಡಿ. ಸದ್ದು ನಿಂತರೆ ದೋಷ ಅಲ್ಲಿದೆ. ಟೀವಿ, ಸೆಟ್‌ಟಾಪ್ ಬಾಕ್ಸು, ಆಂಪ್ಲಿಫೈಯರು ಮೂರನ್ನೂ ಒಂದೇ ಬೋರ್ಡಿಗೆ ಹಾಕಿದರೆ ಬಹಳ ಸಲ ವಾಸಿಯಾಗುತ್ತೆ. ಆಪ್ಟಿಕಲ್ ಕೇಬಲ್ಲಿನಲ್ಲಿ ಕರೆಂಟೇ ಓಡದ ಕಾರಣ ಅದು ಈ ಸುತ್ತನ್ನು ಕಡಿದುಹಾಕುತ್ತೆ.

ಕೆಲವು ಮೆಕ್ಯಾನಿಕ್ಕುಗಳು ‘ಮೂರನೇ ಪಿನ್ನು ಮುರಿದುಬಿಡಿ ಅಣ್ಣಾ, ಸರಿಹೋಗುತ್ತೆ’ ಅಂತಾರೆ. ಗುಂಯ್ ನಿಲ್ಲುತ್ತೆ, ನಿಜ. ಆದರೆ ಆ ಪಿನ್ನು ಇರುವುದು ಪ್ರಾಣ ಕಾಯಲಿಕ್ಕೆ. ಅದನ್ನು ಮುರಿಯಬೇಡಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ನಾಲ್ಕು ಬಿಂದಿಗೆ ನೀರು ಹಾಕಿ. ಸಂಜೆ ಹೊತ್ತು ವೋಲ್ಟೇಜು ಬೀಳುವ ಊರಾದರೆ, ಸೆಟ್ಟಿನ ಹಿಂದೆ ‘100–240 ವೋಲ್ಟ್’ ಎಂದಿರುವುದನ್ನು ಆರಿಸಿ, ಸ್ಟೆಬಿಲೈಸರಿನ ಖರ್ಚು ಉಳಿಯುತ್ತೆ. ಏಪ್ರಿಲ್-ಮೇ ಗುಡುಗು ಮಳೆಯಲ್ಲಿ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೂ ಡಿಷ್ಷಿನ ಕೇಬಲ್ಲನ್ನೂ ಕಿತ್ತಿಡಬೇಕು. ಮೋಡ ಕಟ್ಟಿದಾಗಲೇ ಕಿತ್ತಿಡಿ, ಮಿಂಚು ಶುರುವಾದ ಮೇಲೆ ಅದರ ಹತ್ತಿರ ಹೋಗಬೇಡಿ.

ಹಾಲು, ಪಾಲು, ಸಾಲು, ಶಾಲು

ಈಗ ಮುಖ್ಯ ವಿಷಯ, ಮಾತು ಯಾಕೆ ತಿಳಿಯುವುದಿಲ್ಲ? ಮಾತಿನಲ್ಲಿ ಸ್ವರ ದಪ್ಪ, ವ್ಯಂಜನ ತೆಳು. ಆ, ಓ, ಉ ಇವು ತಗ್ಗಿನ ದನಿಗಳು, ಬಲವಾಗಿರುತ್ತವೆ. ಸ, ಶ, ಹ, ತ ಇಂಥವು ಗಾಳಿಯ ಸದ್ದು. ಅದರಲ್ಲೂ ಸಕಾರದ ಬಹುಪಾಲು ಮೂರು-ನಾಲ್ಕು ಸಾವಿರ ಹರ್ಟ್ಸಿಗಿಂತ ಮೇಲಿರುತ್ತೆ. ಹಳೇ ಟೆಲಿಫೋನು 3,400 ಹರ್ಟ್ಸಿಗೆ ನಿಲ್ಲುತ್ತಿದ್ದುದರಿಂದಲೇ ಫೋನಿನಲ್ಲಿ ‘ಸ’ಗೂ ‘ಫ’ಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ದನಿಗಳನ್ನೇ. ದೊಡ್ಡ ಸಬ್‌ವೂಫರಿನ ಗುಡುಗು ಇವುಗಳ ಮೇಲೆ ಕವಿದರೆ ಅಜ್ಜಿಗೆ ಕತೆ ತಪ್ಪಿಹೋಗುತ್ತೆ.

ಹಾಗಾಗಿ ಅಂಗಡಿಯಲ್ಲಿ ಅವರು ಹಾಕುವ ಡಮಡಮ ಹಾಡು ಕೇಳಿ ತೀರ್ಮಾನ ಮಾಡಬೇಡಿ. ಹೊರಡುವ ಮುಂಚೆ ಮನೆಯಾಕೆಯದೋ ತಾಯಿಯದೋ ದನಿಯನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಈ ಪದಗಳನ್ನು ಹೇಳಿಸಿ: ಹಾಲು, ಪಾಲು, ಸಾಲು, ಶಾಲು, ಕಾಲು, ತಾಳು. ಸ್ವರ ಒಂದೇ, ಮೊದಲ ವ್ಯಂಜನ ಬೇರೆ. ತೆಲುಗು ಮನೆಮಾತಿನವರಿಗೆ ಈ ಪರೀಕ್ಷೆ ಇನ್ನೂ ಸೊಗಸು. ನಮ್ಮ ಹಾಲು ಅವರ ಪಾಲು, ನಮ್ಮ ಹುಲಿ ಅವರ ಪುಲಿ. ಕನ್ನಡದ ಹಕಾರ ಬರೀ ಉಸಿರು. ಕೆಟ್ಟ ಸೆಟ್ಟಿನಲ್ಲಿ ಮೊದಲು ಸಾಯುವುದು ಅದೇ, ಹಾಲು ‘ಆಲು’ ಆಗುತ್ತೆ. ದಿನಾ ಕೇಳುವ ದನಿ ಆ ಸ್ಪೀಕರಿನಲ್ಲಿ ಮನೆಯ ದನಿಯಾಗಿಯೇ ಕೇಳಿ, ಕಣ್ಣು ಮುಚ್ಚಿದರೂ ಆರು ಪದ ಆರಾಗಿ ತಿಳಿದರೆ, ಆ ಸೆಟ್ಟಿಗೆ ದುಡ್ಡು ಕೊಡಿ.

ಇದು ಬರೀ ಕವಿಗಳ ಕುಶಾಲಿನ ಮಾತಲ್ಲ. 2006ರ ತಮಿಳು ಕಲಿಕೆ ಕಾಯ್ದೆಯಿಂದ ಈ ಕಡೆಯ ಶಾಲೆಗಳಲ್ಲಿ ತಮಿಳು ಕಡ್ಡಾಯ. ಕಲಿಯಬೇಕಾದ್ದೇ, ನಾವು ಬದುಕುವ ನಾಡಿನ ಭಾಷೆ ಅದು. ಆದರೆ ತಮಿಳು ಬರಹದಲ್ಲಿ ಮಹಾಪ್ರಾಣಗಳಿಲ್ಲ, ಕ-ಗ, ಪ-ಬಗಳಿಗೆ ಒಂದೊಂದೇ ಅಕ್ಷರ. ಕನ್ನಡ, ತೆಲುಗಿನ ಧನ-ದನ, ಫಲ-ಪಲ ಬೇರೆ ಎಂಬುದನ್ನು ನಮ್ಮ ಮಕ್ಕಳು ಕಿವಿಯಿಂದಲೇ ಕಲಿಯಬೇಕು. ಆ ಕಿವಿಗೆ ಬೀಳುವುದು ಅಜ್ಜಿಯ ಮಾತು, ಇಲ್ಲವೇ ಟೀವಿಯ ಮಾತು. ಟೀವಿ ತೊದಲಿದರೆ ಮಗುವೂ ತೊದಲುತ್ತೆ.

ಐದು ಡಬ್ಬಿಯೋ ಎರಡೋ?

5.1 ಸೆಟ್ಟಿನಲ್ಲಿ ಸಿನಿಮಾದ ಮಾತು ಹೆಚ್ಚಾಗಿ ಬರುವುದು ನಡುವಿನ ‘ಸೆಂಟರ್’ ಸ್ಪೀಕರಿನಿಂದ. ಅಗ್ಗದ ಸೆಟ್ಟುಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು, ಬಡಪಾಯಿ. ಹಣ ಮಿತವಾಗಿದ್ದರೆ ಐದು ಬಡ ಡಬ್ಬಿಗಳ ಬದಲು ಎರಡು ಒಳ್ಳೆ ಸ್ಪೀಕರು, ಒಂದು ಸಾಧಾರಣ ಸ್ಟೀರಿಯೋ ಆಂಪ್ಲಿಫೈಯರು ಮೇಲು. ಮೂರನೆಯದೂ ನಾಲ್ಕನೆಯದೂ ಮುಂದಿನ ಬೆಳೆಗೆ ನೋಡಿಕೊಳ್ಳಬಹುದು. ನೂರು ರೂಪಾಯಿ ಇದ್ದರೆ 60 ಸ್ಪೀಕರಿಗೆ, 35 ಆಂಪ್ಲಿಫೈಯರಿಗೆ, 5 ವೈರಿಗೆ ಎಂದು ಹಂಚಿಕೊಳ್ಳಿ. ವೈರು ಎಳೆಯಲು ಜಾಗವೇ ಇಲ್ಲದ ಮನೆಗೆ ‘ಸೌಂಡ್ ಬಾರ್’ ಸರಿಹೋಗುತ್ತೆ, ಅದಕ್ಕೆ ನಾಚಬೇಕಿಲ್ಲ.

ಹೊಸ ಆರ್.ಸಿ.ಸಿ. ಮನೆಗಳ ಹಾಲು ಟೈಲ್ಸು, ಗಾಜು, ನುಣುಪು ಗೋಡೆ. ಸದ್ದು ಅಲ್ಲಿ ಚೆಂಡಿನಂತೆ ಪುಟಿಯುತ್ತೆ. ಸಾವಿರ ರೂಪಾಯಿಯ ಆಂಪ್ಲಿಫೈಯರಿಗಿಂತ ಒಂದು ದಪ್ಪ ಕರ್ಟನ್ನು, ನೆಲಕ್ಕೊಂದು ಜಮಖಾನ ಹೆಚ್ಚು ಕೆಲಸ ಮಾಡುತ್ತೆ. ಹಿಂದಿನ ಗೋಡೆಗೆ ರಾಗಿ ಮೂಟೆ ಜೋಡಿಸಿದ ಮನೆಯಲ್ಲಿ ಮಾತು ಎಷ್ಟು ಸ್ಪಷ್ಟ ಎಂದು ಒಮ್ಮೆ ಗಮನಿಸಿ. ಸ್ಪೀಕರುಗಳ ಬಾಯಿ ಕೂತವರ ಕಿವಿಯ ಎತ್ತರಕ್ಕಿರಲಿ, ಸಜ್ಜೆಯ ಮೇಲೆ ಏರಿಸಬೇಡಿ.

ಕೊಳ್ಳುವ ದಿನ

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಹೊಸೂರಿನಲ್ಲೇ ಕೊಳ್ಳಿ, ಇಲ್ಲವೇ ಸೇಲಂನಲ್ಲಿ. ಬಿಲ್ಲು ಮಾತ್ರ ಬಿಡಬೇಡಿ. ಗಡಿಯ ಆಚೆ ಕೊಂಡರೆ ಈಚೆ ವಾರಂಟಿ ನಡೆಯುತ್ತದೆಯೇ, ಸರ್ವಿಸ್ ಸೆಂಟರ್ ಯಾವ ಊರಲ್ಲಿದೆ ಎಂದು ಕೇಳಿ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ನೂರು ರೂಪಾಯಿ ಉಳಿಸಲು ಹೋಗಿ, ರಿಪೇರಿಗೆಂದು ಸೆಟ್ಟು ಹೊತ್ತು ಎರಡು ಬಸ್ಸು ಬದಲಿಸುವುದು ಲಾಭದ ವ್ಯಾಪಾರವಲ್ಲ. ಜೇಬಿನಲ್ಲಿ ಒಂದು ಚೀಟಿ ಇರಲಿ: ಆರ್.ಎಂ.ಎಸ್. ವ್ಯಾಟು ಎಷ್ಟು, ಎಷ್ಟು ಟಿ.ಎಚ್.ಡಿ.ಯಲ್ಲಿ, ಕನಿಷ್ಠ ಓಮ್ ಎಷ್ಟು, ಸ್ಪೀಕರಿನ ಸೆನ್ಸಿಟಿವಿಟಿ ಎಷ್ಟು, ಎ.ಆರ್.ಸಿ., ಡಿಕೋಡರ್ ಇದೆಯೇ, ವೈರು ತಾಮ್ರವೇ.

ಕೊನೆಗೆ ನೆರೆಮನೆಯ ಮಾತು. 2000ದ ಶಬ್ದಮಾಲಿನ್ಯ ನಿಯಮದಂತೆ ಜನವಸತಿಯಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಗೋಡೆಗೆ ಗೋಡೆ ಅಂಟಿದ ಬೀದಿಗಳಲ್ಲಿ ಸಬ್‌ವೂಫರಿನ ಗುದ್ದು ಪಕ್ಕದ ಮನೆಯ ತೊಟ್ಟಿಲನ್ನೂ ತಟ್ಟುತ್ತೆ. ಆಂಪ್ಲಿಫೈಯರು, ವೈರು, ಸ್ಪೀಕರು ಮೂರೂ ಸರಿಯಾಗಿ ಹೊಂದಿದ ಮನೆಯಲ್ಲಿ ವಾಲ್ಯೂಮು ಏರಿಸುವ ಅಗತ್ಯವೇ ಬೀಳುವುದಿಲ್ಲ. ಅಜ್ಜಿಗೂ ಕತೆ ತಿಳಿಯುತ್ತೆ, ಸೊಸೆಗೂ ತಲೆ ನೋಯುವುದಿಲ್ಲ.